ಮರಕ್ಕೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸೇರಿಸಿ ಮಾಡುವ ಪೆನ್ನಿನಲ್ಲಿ ಎರಡೂ ಸೇರುವ ಜಾಗದಲ್ಲೇ ಗುಳ್ಳೆ ಯಾಕೆ ಬರುತ್ತದೆ?

ತಪ್ಪು ಹೆಚ್ಚಾಗಿ ರೆಸಿನ್‌ದಲ್ಲ, ಮರದ್ದು. ನೋಡೋಕೆ ಒಣಗಿದ ಹಾಗಿದ್ದರೂ ಅದರ ಸಣ್ಣ ಸಣ್ಣ ತೂತುಗಳಲ್ಲಿ ಗಾಳಿ, ತೇವ ಎರಡೂ ಇರುತ್ತವೆ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದಲ್ವಾ, ಆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬಂದು ಮರದ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಲಿಯುರೆಥೇನ್ ರೆಸಿನ್ ಆದರೆ ಇನ್ನೂ ಕಷ್ಟ: ಅದು ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತದೆ, ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ.

ಅದಕ್ಕೇ ಮರವನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಟ್ಟು, ಆಗಾಗ ತೂಗಿ ನೋಡಿ, ತೂಕ ಇಳಿಯುವುದು ನಿಂತ ಮೇಲಷ್ಟೇ ತೆಗೆಯಿರಿ. ಸುಮ್ನೆ ಹೊರಗಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ರೆಸಿನ್ ಸುರಿದ ಮೇಲೆ, ಗಾಳಿ ತುಂಬಿ ಒತ್ತಡ ಕೊಡುವ ಪಾತ್ರೆಯಾದ ಪ್ರೆಷರ್ ಪಾಟ್‌ನಲ್ಲಿ 40-60 ಪಿಎಸ್‌ಐ ಒತ್ತಡದಲ್ಲಿ, ಪೂರ್ತಿ ಗಟ್ಟಿಯಾಗುವವರೆಗೂ ಇಡಬೇಕು. (ಅಡುಗೆ ಕುಕ್ಕರ್ ಬೇಡ, ಅದನ್ನು ಅಷ್ಟು ಒತ್ತಡಕ್ಕೆ ಮಾಡಿಲ್ಲ.) ಉಳಿದ ಗುಳ್ಳೆಗಳು ಒತ್ತಡಕ್ಕೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಹಾಗೇ ಗಟ್ಟಿಯಾಗುತ್ತವೆ.