ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ರಚನೆಗಳನ್ನು ಗೊಂದಲವಿಲ್ಲದೆ ಬಿಡಿಸಿ ಹೋಲಿಸುವುದು ಹೇಗೆ?

ಮೂರಕ್ಕೂ ಸೂತ್ರ ಸಿ6ಎಚ್12ಓ6. ಹಾಗಿರುವಾಗ ಯಾವುದು ಯಾವುದೆಂದು ನೆನಪಿಡುವುದು ಹೇಗೆ, ಎಪಿಮರ್ ಯಾವುದು, ಅನೋಮರ್ ಯಾವುದು ಎಂದು ಕೇಳಿದ್ದೀರಿ. ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಕ್ರಮವನ್ನೇ ಬರೆಯುತ್ತೇನೆ: ಉಂಗುರದಿಂದ ಶುರು ಮಾಡಬೇಡಿ. ಮೊದಲು ಫಿಶರ್ ಪ್ರೊಜೆಕ್ಷನ್ (ಕಾರ್ಬನ್ ಸರಪಳಿಯನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ತೋರಿಸುವ ಚಿತ್ರ) ಬಿಡಿಸಿ, ಕಾರ್ಬನ್‌ಗಳಿಗೆ ನಂಬರ್ ಹಾಕಿ.

ಮೇಲ್ತುದಿಯ ಆಲ್ಡಿಹೈಡ್ 1, ಕೆಳತುದಿಯ ಸಿಎಚ್2ಓಎಚ್ 6. ನಡುವಿನ ನಾಲ್ಕೂ ಕೈರಲ್ (ನಾಲ್ಕು ಬೇರೆ ಬೇರೆ ಗುಂಪುಗಳನ್ನು ಹೊತ್ತ) ಕಾರ್ಬನ್‌ಗಳು. ಪ್ರತಿಯೊಂದರ ಓಎಚ್ ಬಲಕ್ಕೋ ಎಡಕ್ಕೋ ಇರಬಹುದಾದ್ದರಿಂದ ಒಟ್ಟು 16 ರಚನೆಗಳು. 5ನೇ ಕಾರ್ಬನ್ನಿನ ಓಎಚ್ ಬಲಕ್ಕಿದ್ದರೆ ಅದು ಡಿ ಸಕ್ಕರೆ, ಅಂಥವು 8; ಎಡಕ್ಕಿದ್ದರೆ ಎಲ್ ಸಕ್ಕರೆ. ಡಿ-ಗ್ಲೂಕೋಸ್ ಅಂದರೆ 2ರಿಂದ 5ರವರೆಗೆ ಬಲ, ಎಡ, ಬಲ, ಬಲ. ಬಾಯಿಪಾಠ ಮಾಡಬೇಕಾದ್ದು ಇದೊಂದೇ. 2ನೆಯದನ್ನು ಎಡಕ್ಕೆ ತಿರುಗಿಸಿದರೆ ಮ್ಯಾನೋಸ್, 4ನೆಯದನ್ನು ಎಡಕ್ಕೆ ತಿರುಗಿಸಿದರೆ ಗ್ಯಾಲಕ್ಟೋಸ್.

ಒಂದೇ ಒಂದು ಕೈರಲ್ ಕಾರ್ಬನ್ನಿನಲ್ಲಿ ವ್ಯತ್ಯಾಸವಿದ್ದರೆ ಎಪಿಮರ್. ಹಾಗಾಗಿ ಗ್ಲೂಕೋಸಿಗೆ ಇವೆರಡೂ ಎಪಿಮರ್‌ಗಳೇ, ಆದರೆ ಮ್ಯಾನೋಸ್ ಮತ್ತು ಗ್ಯಾಲಕ್ಟೋಸ್ ಪರಸ್ಪರ ಎಪಿಮರ್ ಅಲ್ಲ. ಅವು ಎರಡು ಕಡೆ ಬೇರೆ, ಬರೀ ಡಯಾಸ್ಟೀರಿಯೋಮರ್ (ಕನ್ನಡಿಯ ಬಿಂಬವಲ್ಲದ ಸ್ಟೀರಿಯೋಐಸೋಮರ್) ಆದ ಸಕ್ಕರೆ‌ಗಳು. ಇದೇ ಸೂತ್ರದ ಇನ್ನೊಂದು ಸಕ್ಕರೆ ಫ್ರಕ್ಟೋಸಿನಲ್ಲಿ 2ನೇ ಕಾರ್ಬನ್ ಕೀಟೋನ್, ಅದರ ಕೆಳಗೆಲ್ಲ ಗ್ಲೂಕೋಸಿನಂತೆಯೇ. ಫಿನೈಲ್‌ಹೈಡ್ರಜಿನ್ ಜೊತೆ ಗ್ಲೂಕೋಸ್, ಮ್ಯಾನೋಸ್, ಫ್ರಕ್ಟೋಸ್ ಮೂರೂ ಒಂದೇ ಓಸಜೋನ್ (ಈ ಕ್ರಿಯೆಯಲ್ಲಿ ಸಿಗುವ ಹಳದಿ ಹರಳು) ಕೊಡುವುದು ಇದರಿಂದಲೇ: ಆ ಕ್ರಿಯೆ 1 ಮತ್ತು 2ನೇ ಕಾರ್ಬನ್‌ಗಳಲ್ಲೇ ನಡೆದು ಅಲ್ಲಿನ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ. ರಚನೆ ಬಿಡಿಸಿ ನೋಡಿದವರಿಗೆ ಇದು ತಾನಾಗಿಯೇ ಹೊಳೆಯುತ್ತದೆ, ಉರು ಹೊಡೆದವರಿಗೆ ಹೊಳೆಯುವುದಿಲ್ಲ.

ತುಂಬ ಜನ ಎಡವುವ ಜಾಗ ಎಲ್-ಗ್ಲೂಕೋಸ್, ಅಂದರೆ ಡಿ-ಗ್ಲೂಕೋಸಿನ ಕನ್ನಡಿಯ ಬಿಂಬ. 5ನೆಯದನ್ನಷ್ಟೇ ತಿರುಗಿಸಿದರೆ ಸಿಗುವುದು ಎಲ್-ಐಡೋಸ್, ಬೇರೆಯೇ ಸಕ್ಕರೆ. ಕನ್ನಡಿಯ ಬಿಂಬ ಬೇಕಾದರೆ ನಾಲ್ಕನ್ನೂ ತಿರುಗಿಸಬೇಕು. ಇನ್ನೊಂದು ಮಾತು: ಡಿ ಎಂದರೆ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ ಎಂದರ್ಥವಲ್ಲ. ಡಿ-ಫ್ರಕ್ಟೋಸ್ ತಿರುಗಿಸುವುದು ಎಡಕ್ಕೆ.

ಈಗ ಉಂಗುರ. 5ನೇ ಕಾರ್ಬನ್ನಿನ ಓಎಚ್ 1ನೇ ಕಾರ್ಬನ್ನಿಗೆ ಸೇರಿದಾಗ ಹೆಮಿಅಸಿಟಾಲ್ (ಆಲ್ಡಿಹೈಡ್ ಮತ್ತು ಓಎಚ್ ಕೂಡಿ ಆದ ಗುಂಪು) ಆಗುತ್ತದೆ, 1ನೆಯದೂ ಕೈರಲ್ ಆಗುತ್ತದೆ. ಉಂಗುರವನ್ನು ಚಪ್ಪಟೆಯಾಗಿ ತೋರಿಸುವ ಹಾವರ್ತ್ ಚಿತ್ರದಲ್ಲಿ ಫಿಶರ್‌ನ ಬಲ ಕೆಳಕ್ಕೆ, ಎಡ ಮೇಲಕ್ಕೆ. ಡಿ ಸಕ್ಕರೆಯಲ್ಲಿ ಸಿಎಚ್2ಓಎಚ್ ಮೇಲಕ್ಕೆ. 1ನೆಯದರ ಓಎಚ್ ಕೆಳಗಿದ್ದರೆ ಆಲ್ಫಾ, ಮೇಲಿದ್ದರೆ ಬೀಟಾ. ಇವೇ ಅನೋಮರ್‌ಗಳು. ಶುದ್ಧ ಆಲ್ಫಾ ಗ್ಲೂಕೋಸಿನ ವಿಶಿಷ್ಟ ಭ್ರಮಣ (ಬೆಳಕನ್ನು ತಿರುಗಿಸುವ ಪ್ರಮಾಣ, ಡಿಗ್ರಿಗಳಲ್ಲಿ) ಸುಮಾರು +112, ಬೀಟಾದ್ದು +19. ಯಾವುದನ್ನು ನೀರಿಗೆ ಹಾಕಿದರೂ ಉಂಗುರ ಬಿಚ್ಚಿ ಮುಚ್ಚಿ ಕೊನೆಗೆ +52.7ಕ್ಕೆ ನಿಲ್ಲುತ್ತದೆ. ಆಗ ಬೀಟಾ ಸುಮಾರು 64 ಶೇಕಡಾ.

ಬೀಟಾ ಯಾಕೆ ಹೆಚ್ಚು ಎಂಬುದನ್ನು ಹಾವರ್ತ್ ಚಿತ್ರ ಹೇಳುವುದಿಲ್ಲ, ಉಂಗುರವನ್ನು ಕುರ್ಚಿಯಂತೆ ಬಾಗಿದ ನಿಜ ಆಕಾರದಲ್ಲಿ ತೋರಿಸುವ ಚೇರ್ ರೂಪ ಹೇಳುತ್ತದೆ. ಬೀಟಾ ಗ್ಲೂಕೋಸಿನಲ್ಲಿ ನಾಲ್ಕು ಓಎಚ್, ಒಂದು ಸಿಎಚ್2ಓಎಚ್, ಐದೂ ಈಕ್ವಟೋರಿಯಲ್ (ಉಂಗುರದಿಂದ ಹೊರಬದಿಗೆ ಚಾಚಿದವು), ಯಾವುದಕ್ಕೂ ಇಕ್ಕಟ್ಟಿಲ್ಲ. ನನಗೆ ಇದು ಈ ಅಧ್ಯಾಯದಲ್ಲೇ ಅತ್ಯಂತ ಸುಂದರವಾದ ಚಿತ್ರ.

ಡಿ ಸಕ್ಕರೆಯ ಚೇರ್ ಮಾತ್ರ ಕೊಟ್ಟು ಹೆಸರು ಕೇಳಿದರೆ, ಮೊದಲು ಉಂಗುರದ ಆಕ್ಸಿಜನ್ ಹುಡುಕಿ. ಅದರ ಪಕ್ಕದಲ್ಲಿ ಸಿಎಚ್2ಓಎಚ್ ಹೊತ್ತದ್ದು 5, ಇನ್ನೊಂದು ಪಕ್ಕದ್ದು 1. ಸಿಎಚ್2ಓಎಚ್ ಈಕ್ವಟೋರಿಯಲ್ ಇದ್ದು, 2, 3, 4ರ ಓಎಚ್‌ಗಳೂ ಈಕ್ವಟೋರಿಯಲ್ ಇದ್ದರೆ ಗ್ಲೂಕೋಸ್. 2 ಮಾತ್ರ ಆಕ್ಸಿಯಲ್ (ನೇರ ಮೇಲಕ್ಕೋ ಕೆಳಕ್ಕೋ ನಿಂತದ್ದು) ಆದರೆ ಮ್ಯಾನೋಸ್, 4 ಮಾತ್ರ ಆದರೆ ಗ್ಯಾಲಕ್ಟೋಸ್.