ವೆಸ್ಟರ್ನ್ ಕ್ಲಾಸಿಕಲ್ ಎಲ್ಲಿಂದ ಶುರು ಮಾಡ್ಲಿ? ಸದ್ಯಕ್ಕೆ ಒಂದೇ ಒಂದು ಸಿಂಫನಿ ಸಾಕು

ಪ್ರಶ್ನೆ: ನಮಸ್ಕಾರ ಸರ್. ಮನೇಲಿ ಕರ್ನಾಟಕ ಸಂಗೀತ ಕೇಳ್ಕೊಂಡೇ ಬೆಳೆದವಳು ನಾನು, ವರ್ಣ, ಕೀರ್ತನೆ ಸ್ವಲ್ಪ ಹಾಡ್ತೀನಿ. ಈಗ ವೆಸ್ಟರ್ನ್ ಕ್ಲಾಸಿಕಲ್ ಕೇಳ್ಬೇಕು ಅಂತ ತುಂಬಾ ಆಸೆ. 'ಬೆಸ್ಟ್ ಆಫ್ ಮೊಜಾರ್ಟ್' ಥರದ ಪ್ಲೇಲಿಸ್ಟ್ ಹಾಕ್ತೀನಿ, ಹತ್ತು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ಎಲ್ಲಾ ಒಂದೇ ಥರ ಕೇಳ್ಸಿ ಮನಸ್ಸು ಎಲ್ಲೋ ಹೋಗ್ಬಿಡುತ್ತೆ. ಯಾವ ರಾಗ ಅಂತ ಗೊತ್ತಾಗಲ್ಲ, ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಗಮಕವೂ ಇಲ್ಲ. ಏನು ಮಾಡ್ಲಿ?
ಓದುಗರೊಬ್ಬರು, ಹಾಸನ

ಉತ್ತರ: ಮೇಡಂ, ಮೊದ್ಲು ಆ ಪ್ಲೇಲಿಸ್ಟ್ ನಿಲ್ಸಿ. ನಿಮ್ಮ ಕಿವಿಯಲ್ಲಿ ಏನೂ ತೊಂದರೆ ಇಲ್ಲ, ತೊಂದರೆ ಇರೋದು ಆ ಪ್ಲೇಲಿಸ್ಟಲ್ಲೇ. ಅದ್ರಲ್ಲಿ ಒಂದೊಂದು ಕೃತಿಯಿಂದ ಒಂದೊಂದು ತುಂಡು ಕಿತ್ತು ಸಾಲಾಗಿ ಇಟ್ಟಿರ್ತಾರೆ, ನಿಮ್ಮ ಕಿವಿ ಒಂದು ಟ್ಯೂನ್ ಪರಿಚಯ ಮಾಡ್ಕೊಳ್ಳೋ ಹೊತ್ತಿಗೆ ಅದು ಮುಗಿದು ಇನ್ನೊಂದು ಶುರು ಆಗಿರುತ್ತೆ. ಈ ಸಂಗೀತ ನಿಂತಿರೋದೇ ಕೇಳೋರ ನೆನಪಿನ ಮೇಲೆ. ಶುರುವಿನಲ್ಲಿ ಒಂದು ಸಣ್ಣ ಸ್ವರಗುಚ್ಛ ಕೊಡ್ತಾರೆ, ಆಮೇಲೆ ಅದನ್ನ ಮುರೀತಾರೆ, ತಿರುಗಿಸ್ತಾರೆ, ಬೇರೆ ವಾದ್ಯಕ್ಕೆ ಕೊಡ್ತಾರೆ, ಬೇರೆ ಶ್ರುತಿಗೆ ಒಯ್ತಾರೆ, ಕೊನೆಗೆ ವಾಪಸ್ ತರ್ತಾರೆ. ಮೊದಲು ಕೊಟ್ಟಿದ್ದು ನಿಮಗೆ ನೆನಪಿಲ್ದೇ ಇದ್ರೆ ವಾಪಸ್ ಬಂದಿದ್ದು ಗೊತ್ತಾಗೋದು ಹೇಗೆ? ಅದಕ್ಕೇ ನಾನು ಹೇಳೋದು ಇಷ್ಟು: ನೂರು ಕೃತಿ ಬೇಡ, ಒಂದು ಕೃತಿ ತಗೊಂಡು ಎರಡು ಮೂರು ವಾರ ಅದನ್ನೇ ಕೇಳಿ.

ಯಾವುದು ಅಂದ್ರೆ ಬೀಥೋವನ್‌ನ ಐದನೇ ಸಿಂಫನಿ. ಸಿಂಫನಿ ಅಂದ್ರೆ ಇಡೀ ಆರ್ಕೆಸ್ಟ್ರಾ ಸೇರಿ ನುಡಿಸೋ, ಕೆಲವು ಭಾಗಗಳಿರೋ ದೊಡ್ಡ ಕೃತಿ. ಎಲ್ಲರೂ ಕೇಳಿರೋದು, ಅದರಲ್ಲೇನಿದೆ ಅಂತ ಮೂಗು ಮುರಿಯೋರು ಇದ್ದಾರೆ, ಆದ್ರೆ ಎಲ್ಲರೂ ಕೇಳಿರೋದು ಅದರ ಮೊದಲ ಹತ್ತು ಸೆಕೆಂಡ್ ಮಾತ್ರ, ಪೂರ್ತಿ ಅರ್ಧ ಗಂಟೆ ಕೂತು ಕೇಳಿರೋರು ಕಮ್ಮಿ.

ನೀವು ಹಾಡೋರಾದ್ರಿಂದ ನಿಮಗೆ ಸ್ವರದಲ್ಲೇ ಹೇಳ್ಬಿಡ್ತೀನಿ. ತಂಬೂರಿ ಆ್ಯಪ್‌ನಲ್ಲಿ ಶ್ರುತಿ 'ಸಿ'ಗೆ ಇಟ್ಕೊಂಡು ಸಾಧಾರಣ ಗಾಂಧಾರದಲ್ಲಿ ಹಾಡಿ ನೋಡಿ: ಪಪಪ ಗಾ... ಮಮಮ ರೀ... ಅಷ್ಟೇ, ಇದೇ ಆ ಜಗತ್ಪ್ರಸಿದ್ಧ ಶುರು. ಇನ್ನೊಂದು ವಿಷ್ಯ ಗಮನಿಸಿ, ಅದು ತಾಳದ ಮೇಲೆ ಸರಿಯಾಗಿ ಬೀಳಲ್ಲ, ಅರ್ಧ ಅಕ್ಷರ ಬಿಟ್ಟು ಆಮೇಲೆ ಶುರು ಆಗುತ್ತೆ, ಅಂದ್ರೆ ಅನಾಗತ ಎಡುಪು. ಆ ಕಾಣದ ಅರ್ಧ ಅಕ್ಷರದಿಂದಾನೇ ಅದಕ್ಕೆ ಆ ನುಗ್ಗೋ ಗುಣ ಬಂದಿರೋದು. ಮೊದಲನೇ ಭಾಗ, ಅವರು ಮೂವ್‌ಮೆಂಟ್ ಅಂತಾರೆ, ಏಳೆಂಟು ನಿಮಿಷ ಇರುತ್ತೆ, ಅದರ ಉದ್ದಕ್ಕೂ ಈ ನಾಲ್ಕು ಸ್ವರದ ಲಯ ಬಿಡದೇ ಓಡ್ತಾ ಇರುತ್ತೆ. ಸ್ವರಸ್ಥಾನ ನಠಭೈರವಿ ರಾಗದ್ದು, ನಿಷಾದ ಮಾತ್ರ ಆಗಾಗ ಕಾಕಲಿ ಬರೋದ್ರಿಂದ ಅಲ್ಲಲ್ಲಿ ಕೀರವಾಣಿ ಕೇಳ್ಸುತ್ತೆ. ಆದ್ರೆ ರಾಗ ಹುಡುಕೋಕೆ ಹೋಗ್ಬೇಡಿ, ಸ್ವರಸ್ಥಾನ ಒಂದೇ ಆದ್ರೂ ನಮ್ಮ ರಾಗದ ಸಂಚಾರ, ಜೀವಸ್ವರ, ನ್ಯಾಸ ಇದ್ಯಾವುದೂ ಅಲ್ಲಿ ಇಲ್ಲ, ಹುಡುಕಿದ್ರೆ ಬೇಜಾರಾಗುತ್ತೆ.

ಅದರ ಬದಲು ಹುಡುಕ್ಬೇಕಾದ್ದು ಏನು ಅಂದ್ರೆ, ಷಡ್ಜ ಎಲ್ಲಿದೆ ಅಂತ. ಮುಕ್ಕಾಲು ನಿಮಿಷ ಆಗ್ತಿದ್ದ ಹಾಗೇ ಹಾರ್ನ್ ಅನ್ನೋ ವಾದ್ಯ ಒಂದು ಕೂಗು ಹಾಕುತ್ತೆ, ಆಮೇಲೆ ವಯಲಿನ್‌ಗಳು ಮೆತ್ತಗೆ ಒಂದು ಹೊಸ ಟ್ಯೂನ್ ಎತ್ಕೋತಾವೆ. ಅಲ್ಲಿ ನಿಮ್ಮ ಗಾಂಧಾರ ಷಡ್ಜ ಆಗಿರುತ್ತೆ! ನಠಭೈರವಿಯ ಗಾಂಧಾರವನ್ನ ಷಡ್ಜ ಮಾಡ್ಕೊಂಡ್ರೆ ಶಂಕರಾಭರಣ ಬರುತ್ತೆ ಅಂತ ನಿಮಗೆ ಗೊತ್ತಿರುತ್ತೆ, ಅದೇ ಗ್ರಹಭೇದ, ಆದ್ರೆ ಒಂದು ದೊಡ್ಡ ವ್ಯತ್ಯಾಸ, ನಮ್ಮಲ್ಲಿ ಗ್ರಹಭೇದ ಮಾಡೋವಾಗ ತಂಬೂರಿ ಹಳೇ ಷಡ್ಜದಲ್ಲೇ ಮೀಟ್ತಾ ಇರುತ್ತೆ, ಅಲ್ಲಿ ತಂಬೂರಿಯೇ ಇಲ್ಲ, ಕೆಳಗಿನ ನೆಲವೇ ಎದ್ದು ಹೊಸ ಜಾಗಕ್ಕೆ ಹೋಗ್ಬಿಡುತ್ತೆ. ಇದು ಕಿವಿಗೆ ಒಂದ್ಸಲ ಹತ್ತಿದ್ರೆ 'ಎಲ್ಲಾ ಒಂದೇ ಥರ' ಅನ್ನೋ ದೂರು ಅಲ್ಲಿಗೇ ಮುಗೀತು. ಆ ಮೆತ್ತನೆ ಟ್ಯೂನ್ ನಡೀವಾಗ ಕೆಳಗೆ ಚೆಲ್ಲೋ ಮತ್ತೆ ಡಬಲ್ ಬೇಸ್ ಅನ್ನೋ ದೊಡ್ಡ ತಂತಿವಾದ್ಯಗಳು ಏನು ಮಾಡ್ತಿವೆ ಅಂತ ಕಿವಿಗೊಡಿ, ಅದೇ ನಾಲ್ಕೇಟು ಅಲ್ಲೂ ಇದೆ.

ಶುರುವಿನ ಈ ಒಂದೂವರೆ ನಿಮಿಷದಷ್ಟನ್ನ ಹಾಗೇ ಇನ್ನೊಂದು ಸಲ ನುಡಿಸ್ತಾರೆ, ಯಾಕೆ ಅಂದ್ರೆ ರೆಕಾರ್ಡಿಂಗ್ ಇಲ್ಲದ ಕಾಲ, ಕೇಳೋರಿಗೆ ನೆನಪಲ್ಲಿ ಕೂರ್ಬೇಕಲ್ಲ. ಆಮೇಲೆ ಒಡೆಯೋ ಕೆಲಸ, ಆಮೇಲೆ ವಾಪಸ್. ವಾಪಸ್ ಬಂದಾಗ ಎಲ್ಲಾ ವಾದ್ಯಗಳೂ ಸಡನ್ನಾಗಿ ಸುಮ್ಮನಾಗಿ ಓಬೋ ಅನ್ನೋ ಊದೋ ವಾದ್ಯ ಮಾತ್ರ ತಾಳ ಬಿಟ್ಟು ನಿಧಾನಕ್ಕೆ ಒಂದು ಎಳೆ ನುಡಿಸುತ್ತೆ, ಅಷ್ಟು ಗದ್ದಲದ ನಡುವೆ ಒಬ್ಬರೇ ಮಾತಾಡಿದ ಹಾಗೆ. ಮೊದಲ ಸಲ ಕೇಳಿದಾಗ ಅದು ಯಾಕೆ ಬಂತು ಅಂತಾನೇ ಗೊತ್ತಾಗಲ್ಲ, ಎಷ್ಟು ಸಲ ಕೇಳಿದ್ರೂ ನನಗೆ ಅಲ್ಲಿ ಎದೆ ಹಿಂಡುತ್ತೆ.

ಎರಡನೇ ಮೂವ್‌ಮೆಂಟ್ ಸಮಾಧಾನದ್ದು, ಸುಮ್ನೆ ಕೇಳಿ. ನಿಮ್ಮನ್ನ ಕರ್ಕೊಂಡು ಹೋಗ್ಬೇಕಾದ್ದು ಮೂರರಿಂದ ನಾಲ್ಕಕ್ಕೆ ದಾಟೋ ಜಾಗಕ್ಕೆ. ಮೂರನೇದು ಚೆಲ್ಲೋ, ಬೇಸ್‌ಗಳ ಪಿಸುಮಾತಲ್ಲಿ ಶುರು ಆಗುತ್ತೆ, ನಂತ್ರ ಹಾರ್ನ್‌ಗಳು ಆ ಹಳೇ ನಾಲ್ಕೇಟಿನ ಲಯವನ್ನೇ ಜೋರಾಗಿ ಊದ್ತಾವೆ. ಕೊನೆ ಕೊನೆಗೆ ಎಲ್ಲಾ ಇಳಿದು ಇಳಿದು ಬರೀ ಟಿಂಪನಿ, ಅಂದ್ರೆ ದೊಡ್ಡ ನಗಾರಿ ಥರದ್ದು, ಮೆಲ್ಲಗೆ ಷಡ್ಜವನ್ನ ತಟ್ತಾ ಇರುತ್ತೆ, ಮೇಲೆ ವಯಲಿನ್ ದಾರಿ ಹುಡುಕೋ ಥರ ಅಲೆದಾಡುತ್ತೆ, ಮುಂದೇನು ಅಂತ ಗೊತ್ತಾಗಲ್ಲ, ಆಮೇಲೆ ಕೆಲವೇ ಕ್ಷಣದಲ್ಲಿ ಉಬ್ಬಿ ಉಬ್ಬಿ, ನಡುವೆ ಗ್ಯಾಪೇ ಇಲ್ದೇ, ನಾಲ್ಕನೇ ಮೂವ್‌ಮೆಂಟ್ ಸಿಡಿಯುತ್ತೆ: ಸಾ ಗಾ ಪಾ... ಮಗರಿಸರಿ ಸಾ. ಅಂತರ ಗಾಂಧಾರ, ಅದೇ ಹಳೇ ಷಡ್ಜದ ಮೇಲೆ ಪೂರ್ತಿ ಶಂಕರಾಭರಣ. ಅಲ್ಲೀವರೆಗೂ ಬಾಯಿ ಬಿಡದೇ ಕೂತಿದ್ದ ಮೂರು ಟ್ರಾಂಬೋನ್, ಪಿಕೊಲೋ, ಕಾಂಟ್ರಾಬಸೂನ್ ಅನ್ನೋ ಊದೋ ವಾದ್ಯಗಳು ಈ ಕ್ಷಣಕ್ಕೇ ಮೊದಲ ಸಲ ಸೇರ್ಕೊಳ್ಳೋದು, ಅದಕ್ಕೇ ಸದ್ದಿನ ಮೈಯೇ ಬೇರೆ ಆಗುತ್ತೆ. ಇದನ್ನ ಬರೆದಾಗ ಬೀಥೋವನ್‌ಗೆ ಕಿವಿ ಕೇಳಿಸೋದು ಕಮ್ಮಿ ಆಗ್ತಾ ಇತ್ತು. ನಾಲ್ಕನೇ ಮೂವ್‌ಮೆಂಟನ್ನ ಬಿಡಿಯಾಗಿ ಹಾಕಿದ್ರೆ ಒಳ್ಳೇ ಬ್ಯಾಂಡ್ ಮ್ಯೂಸಿಕ್ ಅನ್ಸುತ್ತೆ ಅಷ್ಟೇ, ಹಿಂದಿನ ಇಪ್ಪತ್ತು ಚಿಲ್ಲರೆ ನಿಮಿಷದ ಕತ್ತಲೆ ದಾಟಿ ಬಂದ್ರೆ ಮಾತ್ರ ಅದು ಏನು ಅಂತ ತಿಳಿಯೋದು.

ಗಮಕದ ಬಗ್ಗೆ ಕೇಳಿದ್ರಿ. ಅಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಬೇರೆ ಬೇರೆ ಸ್ವರ ಒಟ್ಟಿಗೆ ನಿಂತು ಒಂದು ಬಣ್ಣ ಕೊಡ್ಬೇಕು, ಅದು ಹಾರ್ಮನಿ. ಒಂದೊಂದು ಸ್ವರವೂ ನಮ್ಮ ತೋಡಿಯ ಗಾಂಧಾರದ ಥರ ತೂಗಾಡಿದ್ರೆ ಆ ಜೋಡಣೆ ಕೂರೋದೇ ಇಲ್ಲ. ನಾವು ಒಂದು ಸ್ವರದ ಒಳಗೆ ಹುಡುಕೋ ಸೂಕ್ಷ್ಮವನ್ನ ಅವರು ಸ್ವರಗಳ ನಡುವೆ ಇಟ್ಟಿದ್ದಾರೆ. ಒಂದು ದಿನ ಮೇಲಿನ ಟ್ಯೂನ್ ಮರೆತು ಬರೀ ಕೆಳಗಿನ ಬೇಸ್ ಕೇಳಿ, ಇನ್ನೊಂದು ದಿನ ಬರೀ ನಡುವಿನ ವಾದ್ಯಗಳನ್ನ ಕೇಳಿ, ಅರ್ಥ ಆಗ್ತಾ ಹೋಗುತ್ತೆ.

ಕೇಳೋ ವಿಧಾನ: ಮೊದಲ ವಾರ ಮೊದಲನೇ ಮೂವ್‌ಮೆಂಟ್ ಮಾತ್ರ, ದಿನಕ್ಕೊಂದ್ಸಲ, ಬೇರೆ ಕೆಲಸ ಇಟ್ಕೊಳ್ಳದೇ. ಫೋನ್ ಸ್ಪೀಕರ್ ಖಂಡಿತ ಬೇಡ, ಅದ್ರಲ್ಲಿ ಡಬಲ್ ಬೇಸ್ ಕೇಳ್ಸೋದೇ ಇಲ್ಲ, ಮೂರನೇ ಮೂವ್‌ಮೆಂಟಿನ ಶುರು ಪೂರ್ತಿ ಮಾಯ ಆಗುತ್ತೆ. ಸಾಧಾರಣ ಇಯರ್‌ಫೋನ್ ಸಾಕು. ಮೆತ್ತಗಿದೆ ಅಂತ ವಾಲ್ಯೂಮ್ ಏರಿಸ್ಬೇಡಿ, ಹಿಂದೇನೇ ಜೋರು ಬಂದು ಕಿವಿಗೆ ಹೊಡಿಯುತ್ತೆ. ಯೂಟ್ಯೂಬಲ್ಲಿ ಹುಡುಕೋವಾಗ 'ಸಿಂಫನಿ ನಂಬರ್ 5, ಸಿ ಮೈನರ್, ಓಪಸ್ 67' ಅಂತ ಪೂರ್ತಿ ಹಾಕಿ. ಓಪಸ್ ಅಂದ್ರೆ ಕೃತಿಯ ಸಂಖ್ಯೆ, ಮೊಜಾರ್ಟ್‌ಗೆ ಅದರ ಬದಲು 'ಕೆ', ಬಾಖ್‌ಗೆ 'ಬಿಡಬ್ಲ್ಯುವಿ' ಅಂತ ಇರುತ್ತೆ. ಕಂಡಕ್ಟರ್, ಅಂದ್ರೆ ವಾದ್ಯವೃಂದ ನಡೆಸೋರು, ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ 1974ರಲ್ಲಿ ಮಾಡಿದ ರೆಕಾರ್ಡಿಂಗ್ ನನ್ನ ಆಯ್ಕೆ. ಅದಾದ್ಮೇಲೆ ಜಾನ್ ಎಲಿಯಟ್ ಗಾರ್ಡಿನರ್ ಅವರದ್ದು ಕೇಳಿ, ಬೀಥೋವನ್ ಕಾಲದ ಥರದ ವಾದ್ಯಗಳು, ಶ್ರುತಿ ಸ್ವಲ್ಪ ಇಳಿದಿರೋದ್ರಿಂದ ನಿಮ್ಮ ತಂಬೂರಿ ಆ್ಯಪ್ ಕೂಡಲ್ಲ, ಗಾಬರಿ ಆಗ್ಬೇಡಿ.

ಈ ಸಿಂಫನಿಯನ್ನ ಜನ ಮೊದಲ ಸಲ ಕೇಳಿದ್ದು 1808ರ ಡಿಸೆಂಬರ್ 22ಕ್ಕೆ, ವಿಯೆನ್ನಾದಲ್ಲಿ, ಕೊರೆಯೋ ಚಳಿಯ ಹಾಲ್‌ನಲ್ಲಿ, ಹತ್ತಿರ ಹತ್ತಿರ ನಾಲ್ಕು ಗಂಟೆಯ ಕಛೇರಿ, ಅದೇ ದಿನ ಆರನೇ ಸಿಂಫನಿನೂ ಹೊಸದು, ರಿಹರ್ಸಲ್ ಸಾಲದೇ ಕೊನೆಯ ಐಟಂ ನಡುವೆ ನಿಂತು ಮತ್ತೆ ಶುರು ಮಾಡ್ಬೇಕಾಯ್ತು. ಅವರಿಗೆ ಎರಡನೇ ಸಲ ಕೇಳೋಕೆ ಎಷ್ಟು ದಿನ ಕಾಯ್ಬೇಕಿತ್ತೋ. ನಿಮಗೆ ನಾಳೆ ಬೆಳಿಗ್ಗೇನೇ ಸಿಗುತ್ತೆ, ಪುಕ್ಕಟೆ. ಇದು ಮನಸ್ಸಿಗೆ ಕೂತ ಮೇಲೆ ಬಾಖ್‌ನ ಮೊದಲ ಚೆಲ್ಲೋ ಸ್ವೀಟ್ (ಸಣ್ಣ ಸಣ್ಣ ಭಾಗಗಳ ಒಂದು ಮಾಲೆ), ಬಿಡಬ್ಲ್ಯುವಿ 1007, ಒಂದೇ ವಾದ್ಯ, ಆದ್ರೂ ಒಳಗೆ ಎರಡು ಮೂರು ದನಿ ಕೇಳ್ಸುತ್ತೆ. ಆಮೇಲೆ ಮೊಜಾರ್ಟ್‌ನ ನಲವತ್ತನೇ ಸಿಂಫನಿ.

ಪ್ರಶ್ನೆ: ಬೆಂಗಳೂರಲ್ಲಿ ಒಂದು ಆರ್ಕೆಸ್ಟ್ರಾ ಕನ್ಸರ್ಟ್‌ಗೆ ಹೋಗಿದ್ದೆ. ಮೊದಲ ಭಾಗ ಅದ್ಭುತವಾಗಿ ಮುಗೀತು ಅಂತ ಚಪ್ಪಾಳೆ ಹೊಡೆದೆ, ಅಕ್ಕಪಕ್ಕದೋರು ತಿರುಗಿ ನೋಡಿದ್ರು. ನಾನು ಮಾಡಿದ್ದು ತಪ್ಪಾ?
ಓದುಗರೊಬ್ಬರು, ಬೆಂಗಳೂರು

ಉತ್ತರ: ಇವತ್ತಿನ ಪದ್ಧತಿ ಪ್ರಕಾರ ಎಲ್ಲಾ ಮೂವ್‌ಮೆಂಟ್ ಮುಗಿದು ಕಂಡಕ್ಟರ್ ಕೈ ಇಳಿಸಿ ಜನರ ಕಡೆ ತಿರುಗೋವರೆಗೂ ಕಾಯ್ಬೇಕು, ಎಷ್ಟು ಮೂವ್‌ಮೆಂಟ್ ಅಂತ ಪ್ರೋಗ್ರಾಂ ಶೀಟಲ್ಲಿ ಬರೆದಿರ್ತಾರೆ. ಆದ್ರೆ ಈ ಪದ್ಧತಿ ಆ ಸಂಗೀತದಷ್ಟು ಹಳೇದಲ್ಲ. 1778ರಲ್ಲಿ ಮೊಜಾರ್ಟ್ ಪ್ಯಾರಿಸ್‌ನಿಂದ ಅಪ್ಪನಿಗೆ ಪತ್ರ ಬರೆದು, ಸಿಂಫನಿ ನಡೀತಾ ಇರೋವಾಗ್ಲೇ ಜನ ಚಪ್ಪಾಳೆ ಹೊಡೆದ್ರು ಅಂತ ಖುಷಿಯಾಗಿ ಹೇಳ್ಕೊಂಡಿದ್ದಾನೆ. 1813ರಲ್ಲಿ ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಮೂವ್‌ಮೆಂಟನ್ನ ಜನ ಮತ್ತೆ ಬೇಕು ಅಂದಿದ್ದಕ್ಕೆ ಅಲ್ಲೇ ಇನ್ನೊಂದ್ಸಲ ನುಡಿಸಿದ್ರು. ನಿಮಗೆ ಖುಷಿಯಾಯ್ತು, ಕೈ ತಟ್ಟಿದ್ರಿ, ಅದ್ರಲ್ಲಿ ನಾಚಿಕೆ ಪಡೋದೇನಿಲ್ಲ. ಮುಂದಿನ ಸಲ ಕಾದು ನೋಡಿ ಅಂತ ಮಾತ್ರ ಹೇಳ್ತೀನಿ, ಯಾಕಂದ್ರೆ ಎರಡು ಮೂವ್‌ಮೆಂಟ್ ನಡುವಿನ ಆ ಮೌನದಲ್ಲಿ ಹಿಂದಿನದ್ದು ಇನ್ನೂ ಕಿವಿಯಲ್ಲಿ ಇರುತ್ತೆ, ಮುಂದಿನದ್ದು ಅದರ ಮೇಲೇ ಬಂದು ಕೂರುತ್ತೆ.

ಪ್ರಶ್ನೆ: ನಮ್ಮ ತಂದೆಯವರು ಸಂಗೀತದಲ್ಲಿ ತುಂಬಾ ತಿಳಿದೋರು. ನಾನು ವೆಸ್ಟರ್ನ್ ಹಾಕಿದ್ರೆ 'ನಮ್ಮಲ್ಲೇ ಇಷ್ಟಿರೋವಾಗ ಅವರದ್ದು ಯಾಕೆ' ಅಂತಾರೆ. ಏನು ಹೇಳ್ಲಿ?
ಓದುಗರೊಬ್ಬರು, ಮೈಸೂರು

ಉತ್ತರ: ವಾದ ಮಾಡ್ಬೇಡಿ, ಅವರ ಜೊತೆ ಕೂತು ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ, ಅಂದ್ರೆ ಪಾಶ್ಚಾತ್ಯ ಧಾಟಿಯ ಪುಟ್ಟ ರಚನೆಗಳು, ಹಾಕಿ, 'ಶಕ್ತಿ ಸಹಿತ ಗಣಪತಿಂ', 'ಸಂತತಂ ಪಾಹಿಮಾಂ'. ಎರಡನೇದು ಬ್ರಿಟಿಷರ ರಾಷ್ಟ್ರಗೀತೆಯ ಧಾಟಿ, ದೀಕ್ಷಿತರು ಅದಕ್ಕೆ ಸಂಸ್ಕೃತದಲ್ಲಿ ದೇವಿಯ ಸಾಹಿತ್ಯ ಕೂರಿಸಿದ್ದಾರೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ವಯಲಿನ್ ಕಲಿತು ನಮ್ಮ ಸಂಗೀತಕ್ಕೆ ತಂದವರಲ್ಲಿ ಮುಖ್ಯರು. ಆ ವಯಲಿನ್ ಇಲ್ದೇ ಇವತ್ತು ನಮ್ಮ ಕಛೇರಿ ಊಹಿಸ್ಕೊಳ್ಳೋಕಾಗುತ್ತಾ?

ಮತ್ತೆ ಮೈಸೂರಿನವರಾಗಿ ನೀವು ಜಯಚಾಮರಾಜೇಂದ್ರ ಒಡೆಯರ್ ಅವರನ್ನ ಮರೆಯೋ ಹಾಗೇ ಇಲ್ಲ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ಅದೇ ಮಹಾರಾಜರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಸ್ಥೆಯ ಡಿಪ್ಲೊಮಾ ಪಡೆದವರು, 1948ರಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಹೆಚ್ಚು ಜನ ಕೇಳದೇ ಉಳಿದಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನ ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟಿದ್ದು ಇವರು, ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೋ, ಅಂದ್ರೆ ಪಿಯಾನೋ ಮುಂದಾಗಿ ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿಯನ್ನ, ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಒಬ್ಬರೇ ಮನುಷ್ಯರಲ್ಲಿ ಶ್ರೀವಿದ್ಯೆಯ, ಅಂದ್ರೆ ದೇವಿ ಉಪಾಸನೆಯ, ಕೃತಿಗಳೂ ಇದ್ವು, ಮೆಟ್ನರ್‌ನ ಪಿಯಾನೋನೂ ಇತ್ತು. ತಂದೆಯವರಿಗೆ ಇಷ್ಟು ತಿಳಿಸಿ, ಆಮೇಲೂ ಬೇಡ ಅಂದ್ರೆ ಅವರ ಇಷ್ಟ, ನೀವು ಇಯರ್‌ಫೋನ್ ಹಾಕ್ಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ವಾದ್ಯಗಳ ಪರಿಚಯ ಮಾಡಿಸೋದು ಹೇಗೆ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗಂತಾನೇ ಬರೆದ 'ಪೀಟರ್ ಅಂಡ್ ದ ವುಲ್ಫ್' ಹಾಕಿ. ಕಥೆಯಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ವಾದ್ಯ, ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್. ಕಥೆ ಹೇಳೋರ ಇಂಗ್ಲಿಷ್ ಮಗಳಿಗೆ ಅರ್ಥ ಆಗದೇ ಇದ್ರೆ ನೀವೇ ಮೊದಲು ಕಥೆಯನ್ನ ಕನ್ನಡದಲ್ಲಿ ಹೇಳ್ಬಿಡಿ, ಆಮೇಲೆ ಹಾಕಿ, ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಮಕ್ಕಳು ಅದನ್ನೇ ಮತ್ತೆ ಮತ್ತೆ ಹಾಕು ಅಂತಾರೆ, ಬೇಡ ಅನ್ಬೇಡಿ.