ಲೈಸೆನ್ಸ್ ಮುಗಿಯೋಕೆ ಮೂರು ವಾರ, 45 ಗಂಟೆ ಓದು ಬಾಕಿ

ಕ್ಯಾಲಿಫೋರ್ನಿಯಾದಲ್ಲಿ ರಿಯಲ್ ಎಸ್ಟೇಟ್ ಲೈಸೆನ್ಸ್ ಇಟ್ಟುಕೊಂಡಿರುವ ಕನ್ನಡಿಗರು ನನಗೆ ಕಳಿಸುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ನಾಲ್ಕು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 45 ಗಂಟೆ ಓದು. ಲೈಸೆನ್ಸ್ ಕೈಗೆ ಬಂದ ದಿನವೇ ಗೊತ್ತಿರುವ ಲೆಕ್ಕ ಇದು. ಆದರೂ ಫೋನ್ ಬರುವುದು ಕೊನೇ ತಿಂಗಳಲ್ಲೇ. ಹಾಗಾಗಿ ಈ ಸಲ ಅಂಕಣದ ಜಾಗವೆಲ್ಲ ಈ ಓದಿನ ಪ್ರಶ್ನೆಗೇ ಹೋಗಿದೆ.

ಪ್ರಶ್ನೆ: ನನ್ನದು ಸೇಲ್ಸ್‌ಪರ್ಸನ್ ಲೈಸೆನ್ಸ್, ಮೊದಲ ನವೀಕರಣ. ಅವಧಿ ಮುಗಿಯಲು ಮೂರು ವಾರ ಇದೆ, ಒಂದು ಗಂಟೆಯೂ ಓದಿಲ್ಲ. ಶನಿವಾರ, ಭಾನುವಾರ ಕೂತು ಮುಗಿಸಬಹುದಾ? ಎರಡು ಡೀಲ್ ಎಸ್ಕ್ರೋದಲ್ಲಿವೆ, ಅಂದರೆ ದುಡ್ಡು, ಪತ್ರ ಮೂರನೆಯವರ ಕೈಯಲ್ಲಿವೆ, ಮಾರಾಟ ಇನ್ನೂ ಮುಗಿದಿಲ್ಲ. ಪರಿಚಯದವರೊಬ್ಬರು ‘ನಿಮ್ಮ ಲಾಗಿನ್ ಕೊಡಿ, ನಾನೇ ಮುಗಿಸಿಕೊಡ್ತೀನಿ’ ಅಂತಿದ್ದಾರೆ.

ಉತ್ತರ: ಎರಡು ದಿನದಲ್ಲಿ ಆಗಲ್ಲ. ಆನ್‌ಲೈನ್ ಕೋರ್ಸ್‌ಗಳ ಫೈನಲ್ ಪರೀಕ್ಷೆಯನ್ನು 24 ಗಂಟೆಯೊಳಗೆ 15 ಗಂಟೆಯ ಕ್ರೆಡಿಟ್‌ಗಿಂತ ಜಾಸ್ತಿ ಬರೆಯುವ ಹಾಗಿಲ್ಲ. ಪಾಸಾಗಲು 70 ಪರ್ಸೆಂಟ್ ಬೇಕು. ಫೇಲಾದರೆ ಇನ್ನೊಂದೇ ಅವಕಾಶ. ಅದೂ ಹೋದರೆ ಆ ಕೋರ್ಸ್‌ನ ಕ್ರೆಡಿಟ್ ಇಲ್ಲ. ಮೂರು ವಾರದಲ್ಲಿ ಖಂಡಿತ ಆಗುತ್ತದೆ, ಆದರೆ ಇವತ್ತೇ ಶುರು ಮಾಡಿ.

ಮೊದಲ ನವೀಕರಣದಲ್ಲಿ ಎಥಿಕ್ಸ್, ಏಜೆನ್ಸಿ (ಗ್ರಾಹಕರ ಪರವಾಗಿ ಕೆಲಸ ಮಾಡುವ ಹೊಣೆ), ಟ್ರಸ್ಟ್ ಫಂಡ್ (ಗ್ರಾಹಕರ ದುಡ್ಡು ನೋಡಿಕೊಳ್ಳುವುದು), ರಿಸ್ಕ್ ಮ್ಯಾನೇಜ್‌ಮೆಂಟ್, ಫೇರ್ ಹೌಸಿಂಗ್ (ಮನೆ ಕೊಡುವಾಗ ಭೇದಭಾವ ಮಾಡದಿರುವುದು) ಒಂದೊಂದೂ 3 ಗಂಟೆ, ಇಂಪ್ಲಿಸಿಟ್ ಬಯಾಸ್ (ನಮಗೇ ಗೊತ್ತಿಲ್ಲದ ಪೂರ್ವಗ್ರಹ) 2 ಗಂಟೆ. ಒಟ್ಟು 17. ಉಳಿದ 28ರಲ್ಲಿ ಕಡಿಮೆ ಅಂದರೂ 18 ಗಂಟೆ ಗ್ರಾಹಕರ ರಕ್ಷಣೆಯ ವಿಷಯವಾಗಿರಬೇಕು. ‘ಆ 17 ಗಂಟೆಯ ಬದಲು, ಆ ವಿಷಯಗಳೆಲ್ಲ ಒಟ್ಟಿಗಿರುವ 9 ಗಂಟೆಯ ಒಂದೇ ಸರ್ವೇ ಕೋರ್ಸ್ ಸಾಕು’ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ಅದು ಎರಡನೇ ನವೀಕರಣದಿಂದ ಮಾತ್ರ. ಕೋರ್ಸ್‌ಗೆ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ, ಅಂದರೆ ಡಿಆರ್‌ಇಯ, ಒಪ್ಪಿಗೆ ಇದೆಯಾ ಅಂತ ಅವರ ಸೈಟ್‌ನಲ್ಲೇ ನೋಡಿ, ಆಮೇಲೆ ದುಡ್ಡು ಕಟ್ಟಿ.

ಇನ್ನು ಆ ಲಾಗಿನ್ ಕೇಳಿದವರ ವಿಷಯ. ಅವರ ಫೋನ್ ಮತ್ತೆ ಎತ್ತಬೇಡಿ. ನವೀಕರಣದ ಅರ್ಜಿಯಲ್ಲಿ ‘ಇದನ್ನೆಲ್ಲ ನಾನೇ ಓದಿದ್ದೇನೆ’ ಅಂತ ಸಹಿ ಮಾಡುವವರು ನೀವು. ಸುಳ್ಳು ಸಹಿ ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಲೈಸೆನ್ಸ್, ಅವರದಲ್ಲ. ನಮ್ಮವರೇ ನಮ್ಮವರಿಗೆ ಇಂಥ ದಾರಿ ತೋರಿಸುವುದು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಗಡುವಿನ ದಿನ ಮಧ್ಯರಾತ್ರಿಯೊಳಗೆ ಓದು ಮುಗಿಸಿ, ಪ್ರಾಮಾಣಿಕವಾಗಿ ಅರ್ಜಿ, ಶುಲ್ಕ ಎರಡೂ ಸಲ್ಲಿಸಿದ್ದರೆ ಕೆಲಸ ಮುಂದುವರಿಸಬಹುದು. ಇಲ್ಲದಿದ್ದರೆ ಮರುದಿನದಿಂದ ಎಸ್ಕ್ರೋದಲ್ಲಿರುವ ಎರಡೂ ಡೀಲ್‌ಗಳಲ್ಲಿ ನೀವು ಒಂದು ಮಾತೂ ಆಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡಿದರೆ 20,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಎರಡೂ ಕಾನೂನಿನಲ್ಲಿವೆ. ಲೈಸೆನ್ಸ್ ಇಲ್ಲದಾಗ ಮಾಡಿದ ಕೆಲಸದ ಕಮಿಷನ್ ಕೇಳಿ ಕೋರ್ಟಿಗೂ ಹೋಗಲಾಗದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಇದೇ ಆಯಿತು. ಒಂದು ಗುರುವಾರ ಲೈಸೆನ್ಸ್ ಮುಗಿಯಿತು, ಸೋಮವಾರ ಮನೆಯ ಕೀ ಕೊಡಬೇಕಿತ್ತು. ನಾಲ್ಕು ತಿಂಗಳು ಆ ಮನೆ ಕೊಳ್ಳುತ್ತಿದ್ದ ದಂಪತಿಯ ಜೊತೆ ಮನೆ ಮನೆ ಸುತ್ತಿದ್ದರು. ಕೀ ಕೊಟ್ಟಿದ್ದು ಬೇರೆಯವರು. ಇವರು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರೊಳಗೇ ಕೂತಿದ್ದರು.

ಆದರೆ ನನಗೆ ಗಡುವಿಗಿಂತ ಜಾಸ್ತಿ ಚಿಂತೆ ಇರುವುದು ಫೇರ್ ಹೌಸಿಂಗ್‌ನ ಆ ಮೂರು ಗಂಟೆಯ ಬಗ್ಗೆ. 2023ರಿಂದ ಅದರಲ್ಲಿ ಪಾತ್ರ ವಹಿಸುವ ಅಭ್ಯಾಸ ಸೇರಿದೆ. ಒಮ್ಮೆ ನೀವು ಏಜೆಂಟ್, ಒಮ್ಮೆ ಗ್ರಾಹಕ. ಎಲ್ಲರೂ ಅದನ್ನೇ ಬೇಗ ಬೇಗ ದಾಟಿಸಲು ನೋಡುತ್ತಾರೆ. ನಮ್ಮವರು ದಿನಾ ಎಡವುವುದೂ ಅಲ್ಲೇ.

ಕಾರಿನಲ್ಲಿ ಹಿಂದೆ ಕೂತ ಅಮ್ಮ ಕೇಳುತ್ತಾರೆ: ‘ಇಲ್ಲಿ ನಮ್ಮವರು ಜಾಸ್ತಿ ಇದ್ದಾರಾ? ಅಂಥ ಕಡೆನೇ ತೋರಿಸಪ್ಪ.’ ಕೇಳುವುದರಲ್ಲಿ ಅವರ ತಪ್ಪೇನೂ ಇಲ್ಲ. ಹೊಸ ಊರು, ಭಯ ಇರುತ್ತದೆ. ಆದರೆ ನೀವು ‘ಹೂಂ ಅಮ್ಮ, ಈ ಬೀದಿ ಪೂರ್ತಿ ನಮ್ಮವರೇ’ ಅಂದು ಆ ಕಡೆಗೇ ಕಾರು ತಿರುಗಿಸಿದರೆ ಅದಕ್ಕೆ ಸ್ಟೀರಿಂಗ್ ಅಂತ ಹೆಸರು, 1968ರ ಫೇರ್ ಹೌಸಿಂಗ್ ಕಾನೂನಿಗೆ ವಿರುದ್ಧ. ನಾನು ಹೇಳುವುದು ಇಷ್ಟೇ: ‘ಅಮ್ಮ, ಯಾರು ಎಲ್ಲಿದ್ದಾರೆ ಅಂತ ನಾನು ಹೇಳೋ ಹಾಗಿಲ್ಲ. ಬಜೆಟ್ ಎಷ್ಟು, ಆಫೀಸ್ ಎಲ್ಲಿ, ಎಷ್ಟು ರೂಮ್ ಬೇಕು ಹೇಳಿ, ಹೊಂದುವ ಮನೆ ಎಲ್ಲಾನೂ ತೋರಿಸ್ತೀನಿ.’ ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸುತ್ತದೆ. ಅದಕ್ಕೇ ಅಭ್ಯಾಸ ಬೇಕು.

ಬಾಡಿಗೆಯಲ್ಲೂ ಹೀಗೇ. ‘ನಮ್ಮ ಜನಕ್ಕೆ ಮಾತ್ರ’ ಅಂತ ಮನೆ ಮಾಲೀಕರು ಹೇಳಿದ್ದನ್ನು ಹಾಗೇ ಜಾಹೀರಾತಿಗೆ ಹಾಕಿದರೆ ನೀವೂ ಹೊಣೆ. ‘ಸರ್ಕಾರದ ಬಾಡಿಗೆ ವೋಚರ್ ಇರುವವರು ಬೇಡ’ ಅನ್ನುವುದೂ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಕಾನೂನಿಗೆ ವಿರುದ್ಧ. ಹೊರಗಿನಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡವರು ನಾವು. ಇನ್ನೊಬ್ಬರಿಗೆ ಬಾಗಿಲು ಮುಚ್ಚುವ ಕೆಲಸ ನಮ್ಮ ಕೈಯಿಂದ ಆಗಬಾರದು ಅಲ್ವಾ?

ಪ್ರಶ್ನೆ: ರಿಯಲ್ಟರ್ ಸಂಘದ ಎಥಿಕ್ಸ್ ತರಬೇತಿ ಮಾಡಿದ್ದೇನೆ. ಡಿಆರ್‌ಇಗೆ ಮತ್ತೆ ಬೇಕಾ?

ಉತ್ತರ: ಬೇಕು. ಅದು ಮೂರು ವರ್ಷಕ್ಕೊಮ್ಮೆ ಸದಸ್ಯತ್ವಕ್ಕಾಗಿ, ಇದು ಲೈಸೆನ್ಸಿಗಾಗಿ. ಎರಡಕ್ಕೂ ಒಪ್ಪಿಗೆ ಇರುವ ಕೋರ್ಸ್ ಸಿಕ್ಕಿದರೆ ಸರಿ.

ಪ್ರಶ್ನೆ: ನಾನು ಐಟಿ ಕೆಲಸದಲ್ಲಿದ್ದೇನೆ, ಲೈಸೆನ್ಸ್ ಸುಮ್ನೆ ಇಟ್ಟುಕೊಂಡಿದ್ದೇನೆ. ನನಗೂ ಓದು ಬೇಕಾ?

ಉತ್ತರ: ಬೇಕು. ಡೀಲ್ ಇಲ್ಲ ಅಂದರೆ ರಿಯಾಯಿತಿ ಇಲ್ಲ. ಗಡುವು ತಪ್ಪಿದರೂ ಎರಡು ವರ್ಷದೊಳಗೆ ಓದು ಮುಗಿಸಿ ಜಾಸ್ತಿ ಶುಲ್ಕ ಕಟ್ಟಿ ನವೀಕರಿಸಬಹುದು, ಆದರೆ ಅಲ್ಲಿಯವರೆಗೆ ಕೆಲಸ ಮಾಡುವ ಹಾಗಿಲ್ಲ. ಆ ಎರಡು ವರ್ಷವೂ ದಾಟಿದರೆ ಮತ್ತೆ ಲೈಸೆನ್ಸ್ ಪರೀಕ್ಷೆ.

ಪ್ರಶ್ನೆ: ಬೆಂಗಳೂರಲ್ಲಿ ನನ್ನ ಹೆಸರಲ್ಲಿ ರೇರಾ ಏಜೆಂಟ್ ನೋಂದಣಿ ಇದೆ. ಇಲ್ಲಿ ಗಂಟೆ ಕಡಿಮೆ ಆಗುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ನಮ್ಮ ಮಾವನಿಗೆ 72 ವರ್ಷ, 1980ರ ದಶಕದಿಂದ ಲೈಸೆನ್ಸ್ ಇದೆ. ಅವರೂ 45 ಗಂಟೆ ಕೂರಬೇಕಾ?

ಉತ್ತರ: 70 ತುಂಬಿದವರು ಕ್ಯಾಲಿಫೋರ್ನಿಯಾದಲ್ಲಿ ಎಡೆಬಿಡದೆ 30 ವರ್ಷ ಕಳಂಕವಿಲ್ಲದೆ ಲೈಸೆನ್ಸ್ ಇಟ್ಟುಕೊಂಡಿದ್ದರೆ ವಿನಾಯಿತಿ ಇದೆ. ತಾನಾಗಿ ಸಿಗಲ್ಲ. ವಯಸ್ಸಿನ ದಾಖಲೆ ಕಳಿಸಿ ಕೇಳಬೇಕು.